ತೋಪಿನಿಂದ ಬಂದ ಪಾತ್ರೆಗಳು

ವರ್ಲಾ ಅಗೊಗೊ ನಮ್ಮೂರಿಗೆ ಬಂದದ್ದು ಜೂನ್ ತಿಂಗಳಲ್ಲಿ, ನಮ್ಮ ಕಡೆಯ ಚಳಿಗಾಲದಲ್ಲಿ. ಆಫ್ರಿಕಾ ಎಂದರೆ ಬರೀ ಬಿಸಿಲು ಎಂದು ಅವರಿಗೆ ಯಾರೋ ಹೇಳಿ ಕಳಿಸಿದ್ದರಂತೆ. ಡೆಡ್ಜಾ ಗುಡ್ಡದಿಂದ ಇಳಿಯುವ ಗಾಳಿಗೆ ನಾವೇ ಎರಡೆರಡು ಚಿತೆಂಜೆ ಬಟ್ಟೆ ಹೊದ್ದು ಓಡಾಡುತ್ತಿದ್ದೆವು. ಅವರು ತೆಳ್ಳನೆಯ ಹೂವಿನ ಲಂಗ, ಬೆರಳು ಕಾಣುವ ಚಪ್ಪಲಿಯಲ್ಲಿ ಚರ್ಚಿನ ಗಾಡಿಯಿಂದ ಇಳಿದು ನಡುಗುತ್ತ ನಿಂತರು. ಹಿಂದೆಯೇ ಅವರ ಗಂಡ ಓರಿನ್ ಅಗೊಗೊ ಇಳಿದರು. ತಲೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲದ, ಬಾಗಿಲಿಗೆ ಬಗ್ಗಿಯೇ ಬರಬೇಕಾದ ಎತ್ತರದ ಮನುಷ್ಯ. ಅಜ್ಜನಿಗೂ ಅಜ್ಜಿಗೂ ನಮ್ಮಲ್ಲಿ ಅಗೊಗೊ ಎಂಬ ಒಂದೇ ಮಾತು. ಹಾಗಾಗಿ ಇಬ್ಬರೂ ಅಂದಿನಿಂದ ಅಗೊಗೊ ಆದರು.

ನಮ್ಮೂರು ಮಸಾಂಗೊದಲ್ಲಿ ಹೆಂಗಸರು ಹಿರಿಯರಿಗೆ ಮಂಡಿಯೂರಿ ನಮಸ್ಕಾರ ಹೇಳುತ್ತಾರೆ. ಇದನ್ನು ವರ್ಲಾ ಅಗೊಗೊಗೆ ರಾಜಧಾನಿ ಲಿಲೊಂಗ್ವೆಯಲ್ಲಿ ಯಾರೋ ಕಲಿಸಿದ್ದರು. ಅವರು ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ವಯಸ್ಸಾದವರನ್ನು ಹುಡುಕಿ ನಮ್ಮಜ್ಜಿ ನಾಫಿರಿಯ ಮುಂದೆ ಮಂಡಿಯೂರಿದರು. ಬಿಳಿಯ ಹೆಂಗಸೊಬ್ಬಳು ನೆಲಕ್ಕೆ ಮಂಡಿ ಹಚ್ಚಿದ್ದನ್ನು ನಾವು ಯಾರೂ ಕಂಡವರಲ್ಲ. ಆಮೇಲೆ ಅವರಿಗೆ ಏಳಲು ಆಗಲಿಲ್ಲ. ಅಜ್ಜಿಯೇ ಕಂಕುಳಿಗೆ ಕೈ ಕೊಟ್ಟು ಎತ್ತಿದರು.

"ನಿನ್ನ ಮಂಡಿ ನಮ್ಮನೆ ಬಾಗ್ಲು ಥರ ಕಿರ್ ಅಂತದಲ್ಲವ್ವ. ಎಣ್ಣೆ ಹಾಕಿಸ್ಕೊಂಡು ಬರಬಾರದಿತ್ತಾ?" ಎಂದರು ಅಜ್ಜಿ.

ನಾವು ಗೌರವದಿಂದ ಬಂಬೊ, ಅಂದರೆ ಅಪ್ಪ, ಎಂದು ಕರೆಯುವ ಚರ್ಚಿನ ಹಿರಿಯ ಮ್ವಾಲೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ವರ್ಲಾ ಅಗೊಗೊ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಬ್ಬರ ಸ್ನೇಹ ಶುರುವಾದದ್ದು ಅಲ್ಲಿಂದ.

ಅವರ ಹಿಂದಿನ ಬದುಕಿನ ಬಗ್ಗೆ ನನಗೆ ಗೊತ್ತಿರುವುದು ಬಂಬೊ ಮ್ವಾಲೆ ಹೇಳಿದಷ್ಟೇ. ಕೆನಡಾದ ಬಯಲಿನಲ್ಲಿ ಅವರಿಗೆ ಹಸುಗಳಿದ್ದವು. ಕತ್ತಲಿರುವಾಗಲೇ ಎದ್ದು ಹಾಲು ಕರೆಯುವುದರಲ್ಲಿ ಅವರ ಪ್ರಾಯವೆಲ್ಲ ಕಳೆಯಿತು. ಬೇರೆ ದೇಶಕ್ಕೆ ಹೋಗಿ ದೇವರ ಕೆಲಸ ಮಾಡಬೇಕೆಂಬ ಆಸೆ ಹುಡುಗಿಯಾಗಿದ್ದಾಗಿನಿಂದ ಇತ್ತು. ಹಸುಗಳನ್ನು ಮಾರಿದ ಮೇಲೆ ಚರ್ಚಿನವರು ಗಂಡ ಹೆಂಡಿರನ್ನು ಯಾವುದೋ ದ್ವೀಪಕ್ಕೆ ಕಳಿಸಿದರು. ಅಲ್ಲಿ ಓರಿನ್ ಅಗೊಗೊಗೆ ಎದೆನೋವು ಬಂದು ಅರ್ಧದಲ್ಲೇ ಮರಳಬೇಕಾಯಿತು. ವರ್ಲಾ ಅಗೊಗೊ ಬಹಳ ಪತ್ರ ಬರೆದು, ಬೇಡಿಕೊಂಡು ಈ ಎರಡನೆಯ ಅವಕಾಶ ಪಡೆದಿದ್ದರು.

"ಇಲ್ಲಿಂದಾನೂ ಅರ್ಧಕ್ಕೆ ವಾಪಸ್ಸಾದ್ರೆ ಅವರಿಗೆ ಮತ್ತೆಲ್ಲೂ ಕೊಡಲ್ಲ. ಅದೇ ಆ ತಾಯಿಗೆ ಭಯ," ಎಂದು ಬಂಬೊ ಮ್ವಾಲೆ ಅಜ್ಜಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಚರ್ಚಿನವರು ಅವರಿಗೆ ಕೊಟ್ಟದ್ದು ಊರ ತುದಿಯ ತಗಡಿನ ಮನೆ. ಮುಂಬಾಗಿಲು ಊರಿಗೆ, ಹಿಂಬಾಗಿಲು ತೋಪಿಗೆ. ಪಟ್ಟಣದಿಂದ ಬಂದ ಮೇಸ್ತ್ರಿಗಳು ಕಟ್ಟಿ ಹೋದದ್ದು. ನಾವೆಲ್ಲ ಮುಂದಿನಿಂದ ಬಂದು ಮುಂದಿನಿಂದಲೇ ಹೋಗುತ್ತಿದ್ದೆವು.

ವರ್ಲಾ ಅಗೊಗೊ ಸುಮ್ಮನೆ ಕೂತದ್ದನ್ನು ಯಾರೂ ನೋಡಿಲ್ಲ. ನೀರಿನ ಬಕೆಟ್ಟನ್ನು ತಲೆಯ ಮೇಲೆಯೇ ಹೊರುತ್ತೇನೆಂದು ಹಟ ಹಿಡಿದು ದಿನವೂ ಕುತ್ತಿಗೆಯಿಂದ ಸೊಂಟದವರೆಗೆ ನೆನೆದು ಬರುತ್ತಿದ್ದರು. "ಅಗೊಗೊ ಹೊಲಕ್ಕೆ ನೀರು ಹಾಯಿಸ್ತಾವ್ರೆ," ಎಂದು ಬೋರ್‌ವೆಲ್ ಹತ್ತಿರ ಹೆಂಗಸರು ನಗುತ್ತಿದ್ದರು. ವರ್ಲಾ ಅಗೊಗೊ ಏನನ್ನೂ ಎಸೆಯುತ್ತಿರಲಿಲ್ಲ. ಸಕ್ಕರೆಯ ಖಾಲಿ ಚೀಲವನ್ನು ಸೀಳಿ, ಹೊಲಿದು, ಕಿಟಕಿಗೆ ಪರದೆ ಮಾಡಿದ್ದರು. ಇದನ್ನು ಕಂಡು ಅಜ್ಜಿಗೆ ಅವರ ಮೇಲೆ ಗೌರವ ಹೆಚ್ಚಾಯಿತು. "ಬಿಳಿಯರು ಅಂದ್ರೆ ಎಸೆಯೋರು ಅಂದ್ಕೊಂಡಿದ್ದೆ. ಇವಳು ನನಗಿಂತ ಜಿಪುಣಿ," ಎನ್ನುತ್ತಿದ್ದರು.

ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿ ನೆಲವೆಲ್ಲ ಒಣಗಿ ಹೋಗುತ್ತದೆ. ನ್ಸಿಮಾ ಮುದ್ದೆಯ ಜೊತೆಗೆ ಒಣಗಿಸಿಟ್ಟ ಕುಂಬಳದ ಸೊಪ್ಪು, ಇಲ್ಲವೇ ಬೀನ್ಸ್, ಬೇರೇನಿಲ್ಲ. ಅಂಥ ಹೊತ್ತಿನಲ್ಲಿ ವರ್ಲಾ ಅಗೊಗೊ ಹಸಿರು ಈರುಳ್ಳಿ ಸೊಪ್ಪು ಹಂಚತೊಡಗಿದರು. ಒಂದು ಹಿಡಿ ಅವರ ಮನೆಗೆ, ಒಂದು ಹಿಡಿ ಇವರ ಮನೆಗೆ. ಬಸುರಿಯರಿಗೆ ಎರಡು ಹಿಡಿ. ನಮ್ಮ ಮನೆಗಂತೂ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಎಲ್ಲಿ ಬೆಳೆಯುತ್ತೀರಿ ಎಂದು ಕೇಳಿದರೆ "ಹಿಂದೆ, ಹಿಂದೆ" ಎಂದು ಮನೆಯ ಹಿತ್ತಿಲ ಕಡೆ ಕೈ ಮಾಡುತ್ತಿದ್ದರು. ನಾವು ಹಿಂದೆ ಹೋಗಿ ನೋಡಲಿಲ್ಲ.

ಒಂದು ಭಾನುವಾರ ಪ್ರಾರ್ಥನೆಯ ನಂತರ ಅವರು ಅಜ್ಜಿಯನ್ನೂ ಊರ ಯಜಮಾನಿ ಎಸ್ನಾತಿಯವರನ್ನೂ ಊಟಕ್ಕೆ ಕರೆದರು. ಅಜ್ಜಿಯ ಜೊತೆ ನಾನೂ ಹೋದೆ. ಬಂಬೊ ಮ್ವಾಲೆ ಮಾತು ತಿಳಿಸಲು ಬಂದಿದ್ದರು. ಮೊಟ್ಟೆಗೆ ಈರುಳ್ಳಿ ಸೊಪ್ಪು ಕೊಚ್ಚಿ ಹಾಕಿ ಹುರಿದು, ರೊಟ್ಟಿಯ ಜೊತೆ ಬಡಿಸಿದರು. ಯಜಮಾನಿ ಎರಡನೆಯ ಸಲ ಹಾಕಿಸಿಕೊಂಡರು.

"ಈ ಬಿಸ್ಲಲ್ಲಿ ಇಷ್ಟು ಎಳೇ ಸೊಪ್ಪು ಹೆಂಗವ್ವ ಬೆಳೀತೀಯ?" ಎಂದು ಅಜ್ಜಿ ಕೇಳಿದರು.

ವರ್ಲಾ ಅಗೊಗೊಗೆ ಅದೇ ಬೇಕಿತ್ತು. ಅಜ್ಜಿಯ ಕೈ ಹಿಡಿದು ಅಡುಗೆಮನೆ ದಾಟಿ ಹಿಂದಿನ ಜಗಲಿಗೆ ಕರೆದುಕೊಂಡು ಹೋದರು. ನಾನು ಅಜ್ಜಿಯ ಬೆನ್ನಿಗೇ ಇದ್ದೆ.

ಜಗಲಿಯ ಉದ್ದಕ್ಕೂ ಎನಾಮಲ್ ಬೋಗುಣಿ, ತಟ್ಟೆ, ಲೋಟ, ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲದರಲ್ಲೂ ಮಣ್ಣು ತುಂಬಿ, ಈರುಳ್ಳಿ ನೆಟ್ಟು, ನೀರು ಹಾಕಿದ್ದರು. ಮೊದಲನೆಯದೇ ನೀಲಿ ಬೋಗುಣಿ. ಅದರ ಮೇಲೆ ಬಿಳಿ ಹೂವು. ಅಂಚಿನಲ್ಲಿ ಒಂದು ಕಡೆ ಬಣ್ಣ ಚಕ್ಕೆ ಎದ್ದು ಕಪ್ಪಾಗಿತ್ತು. ಆ ಚಕ್ಕೆ ಎದ್ದದ್ದು ನನ್ನ ಕೈಯಿಂದ ಬಿದ್ದಾಗ. ಅದು ನನ್ನ ತಾಯಿ ಎನಿಫಾಳ ಬೋಗುಣಿ. ಅಮ್ಮನನ್ನು ಮಣ್ಣು ಮಾಡಿದ ದಿನ ಅವಳ ಗುಡ್ಡೆಯ ಮೇಲೆ ಅದನ್ನು ಇಟ್ಟು ಬಂದಿದ್ದರು.

ಸತ್ತವರು ಉಂಡ, ತೊಳೆದ ಪಾತ್ರೆಗಳು ಅವರೊಂದಿಗೇ ಹೋಗಬೇಕು. ಹೆಣ ಹೂಳುವವರು ಪ್ರತಿಯೊಂದರ ತಳಕ್ಕೂ ಮೊಳೆಯಿಂದ ತೂತು ಹೊಡೆದು, ಬದುಕಿದವರ ಕೈಗೆ ಇನ್ನು ಇದು ಬೇಡ ಎಂದು ಗುಡ್ಡೆಯ ಮೇಲೆ ಬಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಡ್ಡೆ ನೆಲ ಸೇರುತ್ತದೆ, ಎಲೆ ಬಿದ್ದು ಮುಚ್ಚುತ್ತದೆ. ಕಲ್ಲಿಲ್ಲ, ಹೆಸರಿಲ್ಲ. ತೋಪೇ ಗುರುತು. ನಮ್ಮ ಸೀಮೆಯ ಮರವೆಲ್ಲ ಇದ್ದಿಲಾಗಿ ಪೇಟೆಗೆ ಹೋಗಿ ಬಹಳ ಕಾಲವಾಯಿತು. ಬೋಳು ನೆಲದ ನಡುವೆ ಒಂದೇ ಕಡೆ ಮರ ಒತ್ತಾಗಿ ನಿಂತಿದೆ ಎಂದರೆ ಅಲ್ಲಿ ಯಾರು ಮಲಗಿದ್ದಾರೆಂದು ನಡೆಯಲು ಕಲಿತ ಮಗುವಿಗೂ ಗೊತ್ತು. ಅದನ್ನು ಬೆರಳು ಮಾಡಿ ತೋರಿಸುವುದು ತಪ್ಪು. ತೋರಿಸಬೇಕಾಗುತ್ತದೆಂದು ಯಾರಿಗೂ ಹೊಳೆಯಲೂ ಇಲ್ಲ.

ಓರಿನ್ ಅಗೊಗೊ ನಮ್ಮ ಹಿಂದೆ ಬಂದು ಸಂತೋಷದಿಂದ ವಿವರಿಸತೊಡಗಿದರು. ಒಂದು ಲೋಟವನ್ನು ಎತ್ತಿ ತಳ ತೋರಿಸಿದರು. ಬಂಬೊ ಮ್ವಾಲೆ ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಓರಿನ್ ಅಗೊಗೊ ಹೇಳಿದ್ದೇನೆಂದು ಆಮೇಲೆ ಗೊತ್ತಾಯಿತು: ಊರಿನವರು ತೂತಾದ ಪಾತ್ರೆಗಳನ್ನು ಮರಗಳ ಕೆಳಗೆ ಎಸೆದಿದ್ದಾರೆ, ಗಿಡ ನೆಡಲು ಹೇಳಿ ಮಾಡಿಸಿದ ಹಾಗಿವೆ, ಹೆಚ್ಚಾದ ನೀರು ತಾನಾಗಿಯೇ ಇಳಿದು ಹೋಗುತ್ತದೆ.

ಯಜಮಾನಿಯವರ ಕಣ್ಣು ಆ ಲೋಟದ ಮೇಲೆ ನಿಂತಿತ್ತು. "ನನ್ನ ತಮ್ಮಂದು," ಎಂದರು, ಬಹಳ ಮೆಲ್ಲಗೆ.

ಅಜ್ಜಿ ಜಗಲಿ ಇಳಿದು ಎರಡು ಹೆಜ್ಜೆ ಹೋಗಿ, ನೆಲಕ್ಕೆ ಕೂತು, ಬಾಯಿಗೆ ಬೆರಳು ಹಾಕಿಕೊಂಡರು. ಉಂಡದ್ದೆಲ್ಲ ಹೊರಗೆ ಬರುವವರೆಗೆ ಬಿಡಲಿಲ್ಲ. ವರ್ಲಾ ಅಗೊಗೊಗೆ ಮೊಟ್ಟೆ ಕೆಟ್ಟಿತ್ತೇನೋ ಎಂಬ ಗಾಬರಿ. ನೀರು ತಂದು, ಪಕ್ಕದಲ್ಲಿ ಕೂತು, ಬೆನ್ನು ಸವರುತ್ತ "ಪೆಪಾನಿ, ಪೆಪಾನಿ" ಎಂದರು. ಕ್ಷಮಿಸಿ ಎಂಬ ಆ ಮಾತನ್ನು ಅವರು ಚೆನ್ನಾಗಿ ಕಲಿತಿದ್ದರು. ಅಜ್ಜಿ ಅವರ ಕೈಯನ್ನು ತೆಗೆದು ಪಕ್ಕಕ್ಕಿಟ್ಟು, ನನ್ನ ಹೆಗಲು ಹಿಡಿದು ಮನೆಗೆ ನಡೆದರು. ಆ ಬೋಗುಣಿಯಲ್ಲಿ ಅಮ್ಮ ನನ್ನ ತಲೆ ತೊಳೆಯುತ್ತಿದ್ದಳು. ಬೇರೆ ಏನು ಯೋಚಿಸಬೇಕೋ ನನಗೆ ತಿಳಿಯಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬೋರ್‌ವೆಲ್ ಹತ್ತಿರ ಕೈಪಂಪು ಒತ್ತುವವರೇ ಇಲ್ಲ, ಬಕೆಟ್ಟುಗಳು ಸಾಲಾಗಿ ಕಾಯುತ್ತಿದ್ದವು.

"ನೀನೂ ತಿಂದ್ಯಾ?"

"ಊರಲ್ಲಿ ತಿನ್ನದೋರು ಯಾರವ್ರೆ ಹೇಳು. ನನ್ನ ಮೊಮ್ಮಗೂಗೂ ತಿನ್ನಿಸ್ದೆ."

"ಅದಕ್ಕೇ ನಂಗೆ ಹೋದ ವಾರದಿಂದ ಕನಸಲ್ಲಿ ನಮ್ಮತ್ತೆ ಬರ್ತಾವ್ಳೆ."

"ನಿಮ್ಮತ್ತೆ ಬದುಕಿದ್ದಾಗ ಒಂದು ಎಲೆ ಕೊಟ್ಟೋಳಲ್ಲ. ಸತ್ತ ಮೇಲೆ ಊರಿಗೆಲ್ಲ ಹಂಚವ್ಳೆ, ಬಿಡು," ಎಂದಳು ಒಬ್ಬಳು. ಯಾರೂ ನಗಲಿಲ್ಲ. ಹೇಳಿದವಳೇ ಬಾಯಿಗೆ ಚಿತೆಂಜೆಯ ಅಂಚು ಹಿಡಿದು ತಿರುಗಿ ನಿಂತಳು.

ಮಾರನೆಯ ದಿನ ಯಜಮಾನಿ ಪಂಚಾಯಿತಿ ಕರೆದರು. ಅತ್ತಿ ಮರದ ಕೆಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತೆವು. ಬಂಬೊ ಮ್ವಾಲೆ ಆ ವೇಳೆಗೆ ಅಗೊಗೊಗಳಿಗೆ ಎಲ್ಲವನ್ನೂ ತಿಳಿಸಿದ್ದರು. ಲಿಲೊಂಗ್ವೆಯ ಚರ್ಚಿನ ಕಚೇರಿಗೂ ಫೋನು ಮಾಡಿದ್ದರು. ಕಚೇರಿಯವರು ಬಹಳ ಹೆದರಿ, ಇಬ್ಬರನ್ನೂ ಕರೆದೊಯ್ಯಲು ಗಾಡಿ ಕಳಿಸುತ್ತೇವೆ, ಅವರನ್ನು ಅವರ ದೇಶಕ್ಕೇ ಕಳಿಸಿಬಿಡುತ್ತೇವೆ ಎಂದಿದ್ದರು.

ಗಂಡ ಹೆಂಡಿರು ಪಾತ್ರೆಗಳನ್ನು ಒಂದು ಚಾಪೆಯಲ್ಲಿ ಸುತ್ತಿ ಹೊತ್ತು ತಂದರು. ವರ್ಲಾ ಅಗೊಗೊ ಮಂಡಿಯೂರಿ ಚಾಪೆ ಬಿಚ್ಚಿದರು. ಅಳುತ್ತಾ ಇರಲಿಲ್ಲ, ಮುಖ ಮಾತ್ರ ಬೂದಿಯ ಹಾಗಿತ್ತು. ಕೂತವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಪಾತ್ರೆಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ಮರ್ಯಾದೆಯೆಂದು ಅವರು ಬೂದಿ, ಸಾಬೂನು ಹಾಕಿ ಒಂದೊಂದನ್ನೂ ಉಜ್ಜಿ ತೊಳೆದಿದ್ದರು. ಸತ್ತವರ ಮಣ್ಣು ಒಂದು ಕಣವೂ ಉಳಿದಿರಲಿಲ್ಲ.

ಹೆಣ ಹೂಳುವವರ ಮುಖಂಡ ಬಂಬೊ ಚಿಪೇಟಾ ಎದ್ದು ನಿಂತರು. ತೋಪಿನೊಳಗೆ ಕಾಲಿಡುವ ಅಧಿಕಾರ ಅವರ ಕಡೆಯವರಿಗೆ ಮಾತ್ರ.

"ಕೇಳಿ ಅವ್ರನ್ನ. ಯಾವ್ದನ್ನ ಎಲ್ಲಿಂದ ಎತ್ತಿದ್ರು? ಯಾರ್ದು ಯಾರ ಮೇಲಿತ್ತು?"

ಬಂಬೊ ಮ್ವಾಲೆ ಕೇಳಿದರು. ಓರಿನ್ ಅಗೊಗೊ ತೋಪಿನ ಕಡೆ ನೋಡಿದರು, ಪಾತ್ರೆಗಳ ಕಡೆ ನೋಡಿದರು. ತಲೆಯಾಡಿಸಿದರು. ಅವರಿಗೆ ನೆನಪಿಲ್ಲ.

ಇದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಒಬ್ಬರ ಲೋಟ ಇನ್ನೊಬ್ಬರ ತಲೆಯ ಮೇಲೆ ಇಡುವುದಾದರೂ ಹೇಗೆ? ಗಂಡಸರ ಸಾಲಿನಿಂದ "ಇವತ್ತೇ ಹೊರಡ್ಲಿ", "ಮೇಕೆ ದಂಡ ಕೊಟ್ಟು ಹೊರಡ್ಲಿ" ಎಂಬ ಮಾತುಗಳು ಬಂದವು. ಬಂಬೊ ಮ್ವಾಲೆ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ವರ್ಲಾ ಅಗೊಗೊಗೆ ಅರ್ಥವಾಗಿತ್ತು. ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಯಜಮಾನಿ ಕೈಯೆತ್ತಿ ಸುಮ್ಮನಿರಿಸಿದರು. "ಹೊರಡಿಸೋ ಮಾತು ಆಮೇಲೆ. ಮೊದ್ಲು ನಮ್ಮೋರು ಮನೆ ಸೇರ್ಲಿ. ನಿಮ್ಮ ನಿಮ್ಮೋರದ್ದು ಗುರುತು ಹಿಡಿದು ತಗೊಳಿ."

ಮೊದಲು ಯಾರೂ ಏಳಲಿಲ್ಲ. ಕೊನೆಗೆ ಯಜಮಾನಿಯೇ ಎದ್ದು ತಮ್ಮನ ಲೋಟ ಎತ್ತಿಕೊಂಡರು. ಆಮೇಲೆ ಒಬ್ಬೊಬ್ಬರೇ ಬಂದರು. ಹಿಡಿಕೆ ಸವರಿ, ಅಂಚು ತಡವಿ, ತಳ ನೋಡಿ, ಇದು ನಮ್ಮಪ್ಪಂದು, ಇದು ನಮ್ಮಕ್ಕಂದು ಎಂದು ಎದೆಗವುಚಿಕೊಂಡರು. ಒಬ್ಬಳು ಗೋಳೋ ಎಂದು ಅತ್ತಳು, ಅವಳ ಹಿಂದೆ ಇನ್ನೊಬ್ಬಳು. ಎಲ್ಲ ಸಾವುಗಳೂ ಒಂದೇ ದಿನ ಮತ್ತೆ ಆದ ಹಾಗಿತ್ತು. ಗಂಡಸರೂ ತಲೆ ತಗ್ಗಿಸಿದರು. ಅಜ್ಜಿ ನೀಲಿ ಬೋಗುಣಿಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟರು. ಅದು ಬಿಸಿಲಿಗೆ ಬೆಚ್ಚಗಾಗಿತ್ತು.

ಕೊನೆಗೆ ಚಾಪೆಯ ಮೇಲೆ ಒಂದು ಉಳಿಯಿತು. ಹಳದಿ ಬಣ್ಣದ, ಮಗುವಿನ ಕೈಗಾಗುವಷ್ಟು ಸಣ್ಣ ಲೋಟ. ಯಾರೂ ಬರಲಿಲ್ಲ.

"ಯಾರ್ದಿದು?" ಎಂದರು ಯಜಮಾನಿ.

ಬಂಬೊ ಚಿಪೇಟಾ ಬಗ್ಗಿ ನೋಡಿದರು. "ರಸ್ತೆ ಕೆಲಸಕ್ಕೆ ಬಂದಿದ್ರಲ್ಲ, ಅವರ ಹೆಣ್ಣು ಮಗು. ಜ್ವರದಲ್ಲಿ ಹೋಯ್ತು. ನಾನೇ ಮಣ್ಣು ಮಾಡ್ದೆ, ಜಾಗ ಗೊತ್ತು. ಅಪ್ಪ ಅಮ್ಮ ರಸ್ತೆ ಜೊತೇಲೇ ಮುಂದಕ್ಕೆ ಹೋದ್ರು. ಇಲ್ಲಿ ಅದಕ್ಕೆ ಯಾರಿಲ್ಲ."

ಯಾರಿಲ್ಲದ ಸತ್ತವರ ಪಾತ್ರೆ ಮುಟ್ಟುವುದಕ್ಕೆ ಎಲ್ಲರಿಗೂ ಭಯ. ಮುಟ್ಟಿದರೆ ಅದರ ಸೂತಕ ತಮ್ಮದಾಗುತ್ತದೆ. ವರ್ಲಾ ಅಗೊಗೊ ಬಂಬೊ ಮ್ವಾಲೆಯ ಕಡೆ ತಿರುಗಿ ಏನೋ ಕೇಳಿದರು. ಅವರು ಪಿಸುಗುಟ್ಟಿ ಹೇಳಿದರು. ವರ್ಲಾ ಅಗೊಗೊ ಮಂಡಿಯ ಮೇಲೆಯೇ ಸರಿದು ಬಂದು, ನಮ್ಮ ಮಾತಿನಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದರು:

"ನಾನು. ಇದರ ಅಗೊಗೊ. ನಾನು ಆಗ್ತೀನಿ."

ಆಗ ಅಜ್ಜಿ ಮಾತಾಡಿದರು. ದನಿಯಲ್ಲಿ ಸ್ನೇಹವೇನೂ ಇರಲಿಲ್ಲ.

"ಆಗ್ತೀನಿ ಅಂದ್ರೆ ಆಗಲ್ಲ. ಮ್ವಾಲೆ, ಸರಿಯಾಗಿ ಹೇಳು ಅವ್ಳಿಗೆ. ಈ ಮಗೂಗೆ ಅಗೊಗೊ ಆದ್ರೆ ತಲೆ ಬೋಳಿಸ್ಬೇಕು. ನೆಲದ ಮೇಲೆ ಕೂತು ಸೂತಕ ಕಳೀಬೇಕು. ತೋಪು ಗುಡಿಸೋ ದಿನ ತನ್ನ ಪಾಲಿನ ಕಸ ತಾನು ಗುಡಿಸ್ಬೇಕು. ಆಟ ಅಲ್ಲ."

ಬಂಬೊ ಮ್ವಾಲೆ ಹೇಳಿ ಮುಗಿಸುವಷ್ಟರಲ್ಲಿ ಓರಿನ್ ಅಗೊಗೊ ಎದ್ದು ನಿಂತಿದ್ದರು. ಹೆಂಡತಿಯ ಹೆಸರು ಹಿಡಿದು ಕರೆದರು. ವರ್ಲಾ ಅಗೊಗೊಗೆ ಸೊಂಟದವರೆಗೆ ಬರುವ ಬಿಳಿ ಕೂದಲು. ದಿನವೂ ಜಗಲಿಯಲ್ಲಿ ಕೂತು ಅದನ್ನು ಬಾಚಿ ಹೆಣೆದು ಸುತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೆವು. ಅವರು ಗಂಡನ ಕಡೆ ನೋಡದೆ ತಲೆಯಿಂದ ಪಿನ್ನುಗಳನ್ನು ತೆಗೆದು ಚಾಪೆಯ ಮೇಲೆ ಇಟ್ಟರು. ಜಡೆ ಜಾರಿ ಬೆನ್ನಿಗೆ ಬಿತ್ತು.

ಯಾರಿಗೂ ಇದು ನಿಜವೆಂದು ಅನ್ನಿಸಲಿಲ್ಲ. ಅಜ್ಜಿಗೂ ಅನ್ನಿಸಿರಲಿಕ್ಕಿಲ್ಲ. ಆದರೂ ಹತ್ತಿರ ಬಂದು ಜಡೆಯನ್ನು ಕೈಗೆತ್ತಿಕೊಂಡು, "ಬ್ಲೇಡು ತನ್ನಿ," ಎಂದರು.

ಅಜ್ಜಿಯೇ ಬೋಳಿಸಿದರು. ಕತ್ತರಿಯಿಂದ ಜಡೆ ಕತ್ತರಿಸಿ, ನೀರು ಹಚ್ಚಿ, ಹಣೆಯಿಂದ ಹಿಂದಕ್ಕೆ ಎಳೆದರು. ಕೆಂಪು ನೆಲದ ಮೇಲೆ ಬಿಳಿ ಕೂದಲು ಬೀಳುತ್ತಿತ್ತು. ಕೂಸುಗಳೂ ಅಳುವುದು ಬಿಟ್ಟಿದ್ದವು. ವರ್ಲಾ ಅಗೊಗೊ ಒಮ್ಮೆ ತಲೆ ತಿರುಗಿಸಿದಾಗ ಅಜ್ಜಿ ಕಿವಿ ಹಿಡಿದು ನೇರ ಮಾಡಿದರು.

"ಅಲ್ಲಾಡಬ್ಯಾಡ. ನನ್ನ ಕೋಪ ಹೋಗಿಲ್ಲ ಇನ್ನೂ. ನನ್ನ ಮಗಳ ಬೋಗುಣೀಲಿ ಈರುಳ್ಳಿ ಬೆಳೆದೋಳು ನೀನು."

ಬಂಬೊ ಮ್ವಾಲೆ ಇದನ್ನು ಇಂಗ್ಲಿಷಿಗೆ ಹೇಳಲಿಲ್ಲ. ವರ್ಲಾ ಅಗೊಗೊ ಹೂಂ ಎಂದರು.

"ಗಂಡನ್ನೂ ಬೋಳಿಸ್ಬೇಕಲ್ಲ?" ಎಂದು ಯಾರೋ ಕೇಳಿದರು.

"ಅವ್ರು ಬರೋವಾಗ್ಲೇ ಸೂತಕ ಹಿಡ್ಕೊಂಡು ಬಂದವ್ರೆ, ನೋಡು," ಎಂದ ಹಿಂದಿನ ಸಾಲಿನ ಮುದುಕನೊಬ್ಬ, ಓರಿನ್ ಅಗೊಗೊನ ನುಣ್ಣನೆಯ ತಲೆ ನೋಡಿ. ಆಗ ಮಾತ್ರ ಅಲ್ಲಲ್ಲಿ ಒಂದೆರಡು ನಗೆ ಕೇಳಿಸಿತು. ಓರಿನ್ ಅಗೊಗೊ ಕಣ್ಣೊರೆಸಿಕೊಳ್ಳುತ್ತಿದ್ದರು.

ಪಾತ್ರೆಗಳನ್ನು ಬಂಬೊ ಚಿಪೇಟಾ ಮತ್ತು ಅವರ ಕಡೆಯವರು ಬರಿಗಾಲಲ್ಲಿ ತೋಪಿಗೆ ಒಯ್ದರು. ಹಳದಿ ಲೋಟವನ್ನು ವರ್ಲಾ ಅಗೊಗೊ ತಾವೇ ಎರಡು ಕೈಯಲ್ಲಿ ಹಿಡಿದು ತೋಪಿನ ಅಂಚಿನವರೆಗೆ ಹೋಗಿ ಕೊಟ್ಟರು. ದಂಡದ ಮೇಕೆಯ ಮಾತು ಎತ್ತಿದವರಿಗೆ ಯಜಮಾನಿ "ಅದೂ ಆಗ್ಲಿ" ಎಂದರು. ಊರು ಬಿಡಿಸುವ ಮಾತಿಗೆ ಮಾತ್ರ ಅವರು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಲಿಲೊಂಗ್ವೆಯ ಗಾಡಿ ಬಂತು. ಕಚೇರಿಯ ದೊಡ್ಡವರೇ ಬಂದಿದ್ದರು, ಕಪ್ಪು ಬೂಟು, ಕೈಯಲ್ಲಿ ಫೋನು. ತಗಡಿನ ಮನೆಯ ಮುಂದೆ ಚಾಪೆ ಹಾಸಿ ಹೆಂಗಸರು ಕೂತಿದ್ದೆವು. ನಮ್ಮ ನಡುವೆ ಕಪ್ಪು ಬಟ್ಟೆ ಹೊದ್ದು, ಕಾಲು ಚಾಚಿ, ಬೋಳು ತಲೆಯ ಬಿಳಿ ಮುದುಕಿ. ಆ ಮನುಷ್ಯ ಅವರನ್ನು ಗುರುತಿಸದೆ ಮನೆಯೊಳಕ್ಕೆ ಇಣುಕಿ, ಹೊರಗೆ ಬಂದು, ಮತ್ತೊಮ್ಮೆ ನೋಡಿದರು.

"ಇವರಿಗೆ ಏನು ಮಾಡಿದಿರಿ?" ಎಂದು ನಮ್ಮ ಮಾತಿನಲ್ಲೇ ಕೇಳಿದರು. "ಸಾಮಾನು ಎಲ್ಲಿ? ಇವರನ್ನು ಈಗಲೇ ಕರೆದುಕೊಂಡು ಹೋಗಬೇಕು."

ಯಜಮಾನಿ ಕೂತಲ್ಲಿಂದಲೇ ಉತ್ತರ ಕೊಟ್ಟರು. "ಪರ ಊರೋರಾಗಿದ್ರೆ ನಾನೇ ಕಳಿಸ್ತಿದ್ದೆ. ಈವಮ್ಮನ ಮೊಮ್ಮಗಳು ಅಲ್ಲಿ ಮಲಗವ್ಳೆ. ಇಲ್ಲಿ ಮಣ್ಣಲ್ಲಿ ತಮ್ಮೋರಿರೋರನ್ನ ಹೋಗು ಅನ್ನೋಕೆ ನಂಗೆ ಅಧಿಕಾರ ಇಲ್ಲ. ನಿಮಗಿದ್ಯಾ?"

ದೊಡ್ಡವರು ವರ್ಲಾ ಅಗೊಗೊ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ವರ್ಲಾ ಅಗೊಗೊ ಪೂರ್ತಿ ಕೇಳಿಸಿಕೊಂಡರು. ಉತ್ತರ ಮಾತ್ರ ನಮ್ಮ ಮಾತಿನಲ್ಲಿ ಕೊಟ್ಟರು.

"ಸೂತಕ," ಎಂದರು. "ಈಗ ಹೋಗೋ ಹಾಗಿಲ್ಲ."

ಅವರ ಪಕ್ಕದಲ್ಲಿ ಭುಜಕ್ಕೆ ಭುಜ ತಾಗುವ ಹಾಗೆ ನಮ್ಮಜ್ಜಿ ಕೂತಿದ್ದರು. ನಿನ್ನೆಯಿಂದ ವರ್ಲಾ ಅಗೊಗೊ ಜೊತೆ ಅವರು ಒಂದೂ ಒಳ್ಳೆಯ ಮಾತಾಡಿರಲಿಲ್ಲ. ಬೆಳಿಗ್ಗೆ ಎದ್ದು ಬಂದು ಸುಮ್ಮನೆ ಕೂತಿದ್ದರು, ಅಷ್ಟೇ. ಈಗ ತಲೆಯೆತ್ತಿ ಆ ಬೂಟುಗಳನ್ನು ನೋಡಿದರು.

"ಸಾವಾದ ಮನೆಗೆ ಬಂದು ನಿಂತೇ ಮಾತಾಡ್ತಾರೇನಪ್ಪ?" ಎಂದರು. "ಬೂಟು ಬಿಚ್ಚು. ಕೂತ್ಕೋ."

ಆ ಮನುಷ್ಯ ಗಾಡಿಯ ಕಡೆ ಒಮ್ಮೆ ನೋಡಿದರು. ಬಂಬೊ ಮ್ವಾಲೆ ಕಡೆ ನೋಡಿದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.